ಕ್ರಾಕೋವಿನಲ್ಲಿ ಕೊಂಡ ಮೂರು ಮರದ ಡಬ್ಬಿಗಳು

ಗುರುವಾರ ಮಧ್ಯಾಹ್ನ ಅಕ್ಕನ ಮಗಳ ಫೋನ್ ಬಂದಾಗ ನಾನು ಅಂಗಡಿಯ ಹಿಂದಿನ ಕೋಣೆಯಲ್ಲಿ ಮಾತ್ರೆಯ ಟ್ರೇ ತುಂಬುತ್ತಿದ್ದೆ. ಹಡರ್ಸ್‌ಫೀಲ್ಡಿನ ಒಂದು ಔಷಧಿ ಅಂಗಡಿಯಲ್ಲಿ ನಾನು ಫಾರ್ಮಸಿಸ್ಟ್. ಮರೆವು ಹತ್ತಿದ ಮುದುಕ ಮುದುಕಿಯರಿಗೆ ವಾರಕ್ಕೊಂದು ಟ್ರೇ ಮಾಡಿಕೊಡುವುದು ನಮ್ಮ ಕೆಲಸದಲ್ಲೊಂದು. ಏಳು ದಿನ, ದಿನಕ್ಕೆ ನಾಲ್ಕು ಗುಳಿ, ಬೆಳಗಿನದು ಬೆಳಗಿನ ಗುಳಿಯಲ್ಲಿ, ಸಂಜೆಯದು ಸಂಜೆಯ ಗುಳಿಯಲ್ಲಿ. ಹತ್ತೊಂಬತ್ತು ವರ್ಷ ಈ ಕೆಲಸ ಮಾಡಿ, ಯಾರಿಗೆ ಮರೆವು ಶುರುವಾಗಿದೆ ಎಂದು ಅವರ ಮನೆಯವರಿಗಿಂತ ಮೊದಲು ಕೌಂಟರಿನ ಈಚೆಯಿಂದಲೇ ಹೇಳಬಲ್ಲೆ ಎಂಬ ಜಂಬ ನನಗಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಮಂಗಳೂರಿನ ಕಡೆಯವಳು, ಮನೆಮಾತು ತುಳು, ಮ್ಯಾಂಚೆಸ್ಟರಿನ ಫಾಲೋಫೀಲ್ಡಿನಲ್ಲಿ ಮನೆ. ನಾನು ಧಾರವಾಡದವಳು. ನನ್ನ ಮಗ ಹುಟ್ಟುವ ಹೊತ್ತಿಗೆ ಊರಿನಿಂದ ಬರಬೇಕಾಗಿದ್ದ ಅವ್ವನಿಗೆ ವೀಸಾ ಸಿಗಲಿಲ್ಲ. ಕನ್ನಡದವರ ಯುಗಾದಿ ಊಟದಲ್ಲಿ ಎರಡೇ ಎರಡು ಸಲ ನನ್ನನ್ನು ಕಂಡಿದ್ದ ಈ ಹೆಂಗಸು ರಜೆ ಹಾಕಿ ಬಂದು ಇಪ್ಪತ್ತೆರಡು ದಿನ ನನ್ನ ಬಾಣಂತನ ಮಾಡಿದಳು. ಎಣ್ಣೆ ಹಚ್ಚಿ, ಬಿಸಿನೀರು ಹೊಯ್ದು, ಮೆಂತ್ಯದ ಗಂಜಿ ಕುಡಿಸಿ, ನಾನು ಅತ್ತರೆ ಬೈದು, ನಾನು ಬೈದರೆ ನಕ್ಕು. ಅಂದಿನಿಂದ ಅವಳು ಅಕ್ಕ.

ಅವಳ ಮಗಳು ಇಲ್ಲೇ ಹುಟ್ಟಿದವಳು, ಲೀಡ್ಸಿನಲ್ಲಿ ಕೆಲಸ. ಕನ್ನಡ, ತುಳು ಎರಡೂ ತಿಳಿಯುತ್ತವೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ಅವತ್ತು ಅವಳು ಹೇಳಿದ್ದನ್ನು ಕನ್ನಡದಲ್ಲಿ ಬರೆದರೆ ಇಷ್ಟು. ಆಂಟಿ, ಅಮ್ಮನಲ್ಲಿ ಏನೋ ಬದಲಾಗಿದೆ, ಏನೆಂದು ಹೇಳಲು ಬರುತ್ತಿಲ್ಲ. ಮರೆವು ಅನ್ನಿಸುತ್ತದೆ. ಅಪ್ಪನಿಗೆ ಹೇಳಿದರೆ ವಯಸ್ಸಾಯಿತು ಎನ್ನುತ್ತಾರೆ. ನಮ್ಮ ಮಾಮೂಲಿ ಡಾಕ್ಟರ್, ಜಿಪಿ ಹತ್ತಿರ ಹೋಗೋಣ ಎಂದರೆ ಅಮ್ಮ ನಗುತ್ತಾಳೆ. ನೀವು ನಾಳೆಯಿಂದ ಮೂರು ದಿನ ಅವಳ ಜೊತೆಗಿರುತ್ತೀರಿ, ನಿಮ್ಮ ಕೆಲಸವೇ ಇದು. ನೋಡಿ ಹೇಳಿ. ನೀವು ಹೌದು ಎಂದರೆ ಎಳೆದುಕೊಂಡಾದರೂ ಹೋಗುತ್ತೇನೆ. ಇಲ್ಲ ಎಂದರೆ ನಾನು ಸುಮ್ಮನಾಗುತ್ತೇನೆ.

ನನಗೆ ಸಿಟ್ಟು ಬಂತು. ಅರವತ್ತೊಂದು ವರ್ಷದ, ಮೂವತ್ತು ಜನಕ್ಕೆ ಒಬ್ಬಳೇ ನೀರುದೋಸೆ ಹುಯ್ದು ಹಾಕುವ ಅಕ್ಕನಿಗೆ ಮರೆವೇ? ಈಗಿನ ಮಕ್ಕಳು ಇಂಟರ್‌ನೆಟ್ಟಿನಲ್ಲಿ ಎರಡು ಸಾಲು ಓದಿ ಅಪ್ಪ ಅಮ್ಮಂದಿರಿಗೆ ಕಾಯಿಲೆ ಹಂಚುತ್ತಾರೆ ಎಂದುಕೊಂಡೆ. ಬಾಯಲ್ಲಿ ಮಾತ್ರ, ಆಗಲಿ, ನೋಡಿ ಹೇಳುತ್ತೇನೆ ಎಂದೆ. ಸಾಕ್ಷಿ ಹೇಳಬೇಕಾದವಳು ತೀರ್ಪು ಬರೆದಿಟ್ಟುಕೊಂಡೇ ಮರುದಿನ ವಿಮಾನ ಹತ್ತಿದೆ.

ನಾವು ಮೂವರು ವರ್ಷಕ್ಕೊಮ್ಮೆ ಹೀಗೆ ಹೋಗುತ್ತೇವೆ. ಮೂರನೆಯವಳು ನಮ್ಮಿಬ್ಬರಿಗಿಂತ ಚಿಕ್ಕವಳು, ಬೆಂಗಳೂರಿನವಳು. ಲೆಮಿಂಗ್ಟನ್ ಸ್ಪಾ ಎಂಬ ಊರಿನಲ್ಲಿ ವಿಡಿಯೋ ಗೇಮ್ ಮಾಡುವ ಕಂಪನಿಯಲ್ಲಿ ಹದಿನೈದು ಜನರ ಕೆಲಸ ನೋಡಿಕೊಳ್ಳುತ್ತಾಳೆ, ಪ್ರವಾಸದಲ್ಲಿ ನಮ್ಮಿಬ್ಬರದೂ. ಯಾವ ಊರಿಗೇ ಹೋಗಲಿ, ಎಷ್ಟು ಗಂಟೆಗೆ ಚರ್ಚು, ಎಷ್ಟು ಗಂಟೆಗೆ ಕಾಫಿ ಎಂಬ ಪಟ್ಟಿ ಅವಳ ಫೋನಿನಲ್ಲಿರುತ್ತದೆ. ಗಂಡಂದಿರಿಗೆ, ಮಕ್ಕಳಿಗೆ ಈ ಪ್ರವಾಸದಲ್ಲಿ ಜಾಗವಿಲ್ಲ. ಬುತ್ತಿಗೆ ಇದೆ. ನನ್ನದು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅಕ್ಕನದು ತುಕ್ಕುಡಿ, ಬೆಂಗಳೂರಿನವಳದು ಪುಳಿಯೋಗರೆ ಪುಡಿಯ ಪೊಟ್ಟಣ. ಈ ಸಲ ಮ್ಯಾಂಚೆಸ್ಟರ್ ಏರ್‌ಪೋರ್ಟಿನಲ್ಲಿ ತಪಾಸಣೆಯವನು ನನ್ನ ಚಟ್ನಿಪುಡಿಯ ಡಬ್ಬಿ ತೆರೆದು ಮೂಸಿ ನೋಡಿ ನಾಲ್ಕು ಸಲ ಸೀನಿದ. ಅಕ್ಕ ಅವನಿಗೆ ತನ್ನ ಟಿಶ್ಯೂ ಕೊಟ್ಟಳು.

ವಿಮಾನದಲ್ಲಿ ಕೂತ ಮೇಲೆ ನನ್ನ ಪತ್ತೇದಾರಿ ಶುರುವಾಯಿತು. ನೇರವಾಗಿ ಕೇಳುವಂತಿಲ್ಲವಲ್ಲ. ಸುಮ್ಮನೆ ಮಾತಿಗೆ ಎಂಬಂತೆ, ನಮ್ಮ ಮೊದಲ ಪ್ರವಾಸ ಎಲ್ಲಿಗೆ ಹೋಗಿದ್ದೆವು, ನೆನಪಿದೆಯಾ ಎಂದು ಕೇಳಿದೆ.

"ನಿನಗೆ ನೆನಪಿಲ್ವಾ ಮಾರಾಯ್ತಿ?" ಎಂದಳು ಅಕ್ಕ. "ಆ ಹೋಟೆಲಿನಲ್ಲಿ ಬಿಸಿನೀರೇ ಬರಲಿಲ್ಲ. ನೀನು ಕೆಳಗೆ ಹೋಗಿ ಅವನ ಹತ್ರ ಜಗಳ ಮಾಡಿದ್ದು, ಅವನು ಹೆದರಿ ಬಕೆಟಿನಲ್ಲಿ ನೀರು ತಂದದ್ದು. ಇವಳ ಒಂದು ಚಪ್ಪಲಿ ಕಾಲುವೆಗೆ ಬಿತ್ತಲ್ಲ, ಒಂದೇ ಚಪ್ಪಲಿಯಲ್ಲಿ ಬೋಟ್ ಹತ್ತಿದ್ಲು."

ಚಪ್ಪಲಿಯ ವಿಷಯ ನಾನೇ ಮರೆತಿದ್ದೆ. ನನ್ನ ಮನಸ್ಸಿನ ಪಟ್ಟಿಯಲ್ಲಿ ಅಕ್ಕನಿಗೆ ನೂರಕ್ಕೆ ನೂರು ಕೊಟ್ಟೆ. ಊರಿನ ಹೆಸರನ್ನು ಅವಳು ಹೇಳಿಯೇ ಇರಲಿಲ್ಲ ಎಂಬುದು ನನ್ನ ಗಮನಕ್ಕೆ ಬರಲಿಲ್ಲ.

ಕ್ರಾಕೋವ್ ಪೋಲೆಂಡಿನ ಹಳೆಯ ರಾಜಧಾನಿ. ಊರಿನ ನಡುವೆ ನಮ್ಮ ಐದು ಫುಟ್ಬಾಲ್ ಮೈದಾನ ಸೇರಿಸಿದಷ್ಟು ದೊಡ್ಡ ಚೌಕ, ಅದರ ಮಧ್ಯೆ ಹಿಂದೆ ಬಟ್ಟೆ ವ್ಯಾಪಾರ ನಡೆಯುತ್ತಿದ್ದ ಉದ್ದನೆಯ ಕಮಾನಿನ ಕಟ್ಟಡ, ಒಂದು ಮೂಲೆಗೆ ಎರಡು ಗೋಪುರದ ಇಟ್ಟಿಗೆಯ ಚರ್ಚು. ಒಂದು ಗೋಪುರ ಎತ್ತರ, ಇನ್ನೊಂದು ಗಿಡ್ಡ. ಎತ್ತರದ ಗೋಪುರದ ಕಿಟಕಿಯಿಂದ ಗಂಟೆಗೊಮ್ಮೆ ಒಬ್ಬ ಕಹಳೆ ಊದುತ್ತಾನೆ, ಊದುತ್ತಾ ಊದುತ್ತಾ ನಡುವೆಯೇ ನಿಲ್ಲಿಸಿಬಿಡುತ್ತಾನೆ. ಶುಕ್ರವಾರ ಸಂಜೆ ಮಾರ್ಗದರ್ಶಕಿ ಅದರ ಕಥೆ ಹೇಳಿದಳು. ಬೆಂಗಳೂರಿನವಳು ಆಫೀಸಿನ ಫೋನಿನಲ್ಲಿದ್ದಳು. ಶನಿವಾರ ಬೆಳಿಗ್ಗೆ ಅವಳು, ಅದ್ಯಾಕೆ ಅರ್ಧಕ್ಕೇ ನಿಲ್ಸ್ತಾನೆ ಎಂದು ಕೇಳಿದಾಗ ಕಥೆ ಹೇಳಿದ್ದು ಅಕ್ಕ. ವೈರಿಗಳು ಬರುವುದನ್ನು ಕಾವಲಿನವನು ಮೇಲಿನಿಂದ ನೋಡಿದನಂತೆ, ಊರನ್ನು ಎಬ್ಬಿಸಲು ಕಹಳೆ ಊದಿದನಂತೆ, ಊದುತ್ತಿರುವಾಗಲೇ ಬಾಣ ಬಂದು ಗಂಟಲಿಗೆ ನಾಟಿತಂತೆ. ಆ ರಾಗ ಎಲ್ಲಿ ನಿಂತಿತೋ ಅಲ್ಲೇ ಇವರೂ ನಿಲ್ಲಿಸುತ್ತಾರೆ. ಒಂದೂ ಬಿಡದೆ ಹೇಳಿದಳು, ಬಾಣ ನಾಟುವ ಜಾಗದಲ್ಲಿ ತನ್ನ ಗಂಟಲನ್ನು ಮುಟ್ಟಿ ತೋರಿಸಿದಳು. ನಾನು ಆ ಕಥೆಯ ಅರ್ಧ ಮರೆತಿದ್ದೆ, ನಿಜ ಹೇಳಬೇಕೆಂದರೆ ಮಾರ್ಗದರ್ಶಕಿ ಹೇಳುವಾಗ ಅಕ್ಕನ ಮುಖವನ್ನೇ ನೋಡುತ್ತಿದ್ದೆ.

ಶನಿವಾರವಿಡೀ ಸುತ್ತಿದೆವು. ನದಿಯ ದಂಡೆಯ ಗುಡ್ಡದ ಮೇಲಿನ ಅರಮನೆ, ಅದರ ಬುಡದಲ್ಲಿ ಬಾಯಿಂದ ಬೆಂಕಿ ಉಗುಳುವ ಲೋಹದ ಡ್ರ್ಯಾಗನ್, ಅದಕ್ಕೆ ಕೈಮುಗಿಯುವಂತೆ ನಟಿಸಿ ಫೋಟೋ ತೆಗೆಸಿಕೊಂಡ ಬೆಂಗಳೂರಿನವಳು. ಬೀದಿ ಬದಿಯ ಗಾಡಿಗಳಲ್ಲಿ ಎಳ್ಳು ಹಚ್ಚಿದ ಬಳೆಯಾಕಾರದ ಬ್ರೆಡ್ಡು ಮಾರುತ್ತಾರೆ, ಕೋಡುಬಳೆಯ ದೊಡ್ಡಣ್ಣ. ಅಕ್ಕ ಅದನ್ನು ಕೈಗೆ ಹಾಕಿಕೊಂಡು ಬಳೆ ಸರಿಯಾಯ್ತಾ ನೋಡಿ ಎಂದು ಗಾಡಿಯವಳನ್ನೇ ನಗಿಸಿದಳು. ಮಧ್ಯಾಹ್ನ ಊಟಕ್ಕೆ ಆಲೂಗಡ್ಡೆ ಹೂರಣದ ಬೇಯಿಸಿದ ಕರಜೀಕಾಯಿಯಂಥದ್ದನ್ನು ತರಿಸಿದೆವು. ಅಕ್ಕ ಮೆನುವಿನಲ್ಲಿ ಬೆರಳಿಟ್ಟು, ಇದು ಒಂದು, ಇದು ಒಂದು ಎಂದು ಪಟಪಟನೆ ಹೇಳಿ ಮುಗಿಸಿದಳು. ನಾನೂ ಬೆಂಗಳೂರಿನವಳೂ ಆ ಪೋಲಿಷ್ ಹೆಸರುಗಳನ್ನು ಓದಲು ಹೋಗಿ ನಾಲಿಗೆ ತಿರುಚಿಕೊಂಡೆವು. ಅಕ್ಕ ಎಷ್ಟು ಜಾಣೆ ಎಂದುಕೊಂಡೆ.

ನನ್ನ ಪರೀಕ್ಷೆ ನಡೆದೇ ಇತ್ತು. ಇವತ್ತು ಯಾವ ವಾರ? ಗೊತ್ತಿತ್ತು. ಹೋಟೆಲಿಗೆ ಯಾವ ದಾರಿ? ನಮ್ಮಿಬ್ಬರಿಗಿಂತ ಮುಂದೆ ನಡೆದಳು. ನನ್ನ ಮಗನ ವಿಷಯ ತಾನಾಗಿಯೇ ಕೇಳಿದಳು, "ನಿನ್ನ ಮಗ ಹೇಗಿದ್ದಾನೆ, ಯೂನಿವರ್ಸಿಟಿಗೆ ಎಲ್ಲಿ ಅರ್ಜಿ ಹಾಕಿದ್ದಾನೆ?" ಗಂಡನಿಗೆ ಫೋನ್ ಮಾಡಿ ತೊಂಡೆಕಾಯಿ ಪಲ್ಯ ಫ್ರಿಜ್ಜಿನ ಎಡಗಡೆ ಇದೆ ಎಂದಳು, ಫೋನಿಟ್ಟು, "ನಮ್ಮವರಿಗೆ ಎದುರಿಗಿದ್ದದ್ದೂ ಕಾಣುವುದಿಲ್ಲ" ಎಂದಳು.

ಸಂಜೆ ಐದಕ್ಕೆ, ಚೌಕದ ಒಂದು ಮೆಟ್ಟಿಲ ಮೇಲೆ ಕಾಲು ಚಾಚಿ ಕೂತು ಅಕ್ಕನ ಮಗಳಿಗೆ ಮೆಸೇಜ್ ಹಾಕಿದೆ. ನಿನ್ನ ಅಮ್ಮ ನಮ್ಮಿಬ್ಬರಿಗಿಂತ ಗಟ್ಟಿಯಾಗಿದ್ದಾಳೆ, ನನಗೇ ಅವಳು ದಾರಿ ತೋರಿಸುತ್ತಿದ್ದಾಳೆ, ನೀನು ನಿಶ್ಚಿಂತೆಯಿಂದಿರು. ಸ್ವಲ್ಪ ಬುದ್ಧಿಯನ್ನೂ ಹೇಳಿದೆ, ಬೇಡದ್ದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡ ಎಂದು. ಎರಡು ನಿಮಿಷದಲ್ಲಿ ಉತ್ತರ ಬಂತು. ಥ್ಯಾಂಕ್ಯೂ ಆಂಟಿ, ಕೂತು ಅತ್ತುಬಿಟ್ಟೆ, ನಾಲ್ಕು ತಿಂಗಳಿಂದ ಸರಿಯಾಗಿ ನಿದ್ದೆ ಇರಲಿಲ್ಲ, ಇನ್ನು ಅಮ್ಮನಿಗೆ ಜಿಪಿ ವಿಷಯ ಎತ್ತುವುದಿಲ್ಲ. ಓದಿ ನನಗೆ ಬಹಳ ಸಮಾಧಾನವಾಯಿತು. ಒಳ್ಳೆಯ ಕೆಲಸ ಮಾಡಿದೆ ಎನ್ನಿಸಿತು.

ಭಾನುವಾರ ಮಧ್ಯಾಹ್ನ ವಿಮಾನ. ಬೆಳಗಿನ ಎರಡು ಗಂಟೆ ಪಟ್ಟಿಯಲ್ಲಿ ಖರೀದಿಗೆಂದು ಇತ್ತು. ಬಟ್ಟೆ ವ್ಯಾಪಾರದ ಆ ಹಳೆಯ ಕಟ್ಟಡದೊಳಗೆ ಈಗ ಸಾಲಾಗಿ ಪುಟ್ಟ ಅಂಗಡಿಗಳು, ಜೇನು ಬಣ್ಣದ ಅಂಬರ್ ಮಣಿಗಳು, ಕೆತ್ತಿದ ಚದುರಂಗದ ಮಣೆಗಳು, ಮರದ ಡಬ್ಬಿಗಳು. ಒಂದು ಅಂಗಡಿಯಲ್ಲಿ ನನ್ನ ವಯಸ್ಸಿನ ಹೆಂಗಸು ಕಾದ ಲೋಹದ ಪೆನ್ನಿನಿಂದ ಡಬ್ಬಿಯ ಮುಚ್ಚಳದ ಮೇಲೆ ಹೆಸರು ಸುಟ್ಟು ಬರೆದು ಕೊಡುತ್ತಿದ್ದಳು. ಅಕ್ಕ ಡಬ್ಬಿ ನೋಡಿ ಅಲ್ಲೇ ನಿಂತಳು. ಬಿಳಿ ಹೂವಿನ ಕೆತ್ತನೆ, ಒಳಗೆ ಕೆಂಪು ಬಟ್ಟೆ.

"ಮೂರು ತಗೊಳ್ತೇನೆ. ನಿನಗೊಂದು, ಇವಳಿಗೊಂದು, ಮಗಳಿಗೊಂದು" ಎಂದಳು.

ಅಂಗಡಿಯವಳು ಒಂದು ಚೀಟಿ, ಪೆನ್ಸಿಲ್ ಮುಂದಿಟ್ಟು, ಹೆಸರು ಬರೆದುಕೊಡಿ ಎಂದಳು. ಅಕ್ಕ ಅದನ್ನು ನನ್ನ ಕಡೆ ಸರಿಸಿದಳು.

"ನೀನೇ ಬರಿ ಮಾರಾಯ್ತಿ. ನನ್ನ ಕನ್ನಡಕ ಬ್ಯಾಗಲ್ಲುಂಟು."

ಕನ್ನಡಕ ಅವಳ ತಲೆಯ ಮೇಲಿತ್ತು. ನಾವು ಮೂವರೂ ಸೇರಿದರೆ ಸಾಮಾನ್ಯವಾಗಿ ಬೆಂಗಳೂರಿನ ಕನ್ನಡಕ್ಕೇ ಹೊಂದಿಕೊಂಡು ಮಾತಾಡುತ್ತೇವೆ. ಕೀಟಲೆ ಮಾಡುವಾಗ, ಸಿಟ್ಟು ಬಂದಾಗ ಮಾತ್ರ ನನ್ನ ಧಾರವಾಡ ಹೊರಬೀಳುತ್ತದೆ.

"ಉಡುಗೊರಿ ಕೊಡಾಕಿ ನೀನು, ಬರ್ಯಾಕಿ ನಾನೇನು?" ಎಂದೆ. "ಕನ್ನಡಕ ತಲಿ ಮ್ಯಾಲನ ಅದ. ಬರಿ ಬರಿ, ಆಲಸಿತನ ಮಾಡಬ್ಯಾಡ."

ಅಕ್ಕ ಕನ್ನಡಕ ಇಳಿಸಿ ಹಾಕಿಕೊಂಡಳು. ಪೆನ್ಸಿಲ್ ಹಿಡಿದು ಸ್ವಲ್ಪ ಹೊತ್ತು ಚೀಟಿ ನೋಡಿದಳು. ಆಮೇಲೆ ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಒಂದೊಂದಾಗಿ ಬರೆದಳು. ನಾನು ಬಗ್ಗಿ ನೋಡಿದೆ. 'ಮಾರಾಯ್ತಿ' ಎಂದು ಬರೆದಿದ್ದಳು.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಬೆಂಗಳೂರಿನವಳಂತೂ ಪಕ್ಕದ ಅಂಗಡಿಯವರು ತಿರುಗಿ ನೋಡುವಷ್ಟು ನಕ್ಕಳು. "ಅಕ್ಕ, ನಂಗೂ ಅದೇ ಬೇಕು, ಹೆಸರೆಲ್ಲ ಬೇಡ" ಎಂದಳು. ಅಕ್ಕ ಎರಡನೆಯ ಸಾಲಿನಲ್ಲಿ ಮತ್ತೆ ಅದನ್ನೇ ಬರೆದಳು. ಇಡೀ ಪ್ರವಾಸದ ಒಳ್ಳೆಯ ತಮಾಷೆ ಇದೇ ಎಂದು ನಾನು ಅಂಗಡಿಯವಳಿಗೆ ಇಂಗ್ಲಿಷಿನಲ್ಲಿ ವಿವರಿಸಲು ಹೊರಟೆ. ಅವಳು ಸಭ್ಯತೆಗೆ ನಕ್ಕು, ಮೂರನೆಯದು ಎಂದು ಕೇಳಿದಳು.

ಮೂರನೆಯದು ಮಗಳದು. ಪೆನ್ಸಿಲ್ ಕಾಗದದ ಮೇಲೆ ನಿಂತಿತು. ಬೆಂಗಳೂರಿನವಳು ಇನ್ನೂ ನಗುತ್ತಿದ್ದಳು, ನಾನೂ ನಗುತ್ತಿದ್ದೆ. ಅಕ್ಕನೂ ನಗುತ್ತಿದ್ದಳು, ಆದರೆ ಪೆನ್ಸಿಲ್ ಹಿಡಿದ ಅವಳ ಬೆರಳ ತುದಿ ಬೆಳ್ಳಗಾಗಿತ್ತು. ಆಮೇಲೆ ಅವಳು ಬರೆದದ್ದು 'ಮಗಾ'.

ಅಂಗಡಿಯವಳು ಅದನ್ನು ಓದಿ, ಚೆಂದದ ಹೆಸರು, ನಿಮ್ಮ ಮಗಳೇ ಎಂದು ಕೇಳಿದಳು. ಅಕ್ಕ ತಲೆಯಾಡಿಸಿದಳು.

ನಮ್ಮ ಯಾರ್ಕ್‌ಷೈರಿನಲ್ಲಿ ಅಂಗಡಿಗೆ ಬರುವ ವಯಸ್ಸಾದವರು ಎಲ್ಲರನ್ನೂ 'ಲವ್' ಎಂದೇ ಕರೆಯುತ್ತಾರೆ. ಬಸ್ ಡ್ರೈವರನೂ ಲವ್, ಪೋಸ್ಟಿನವಳೂ ಲವ್, ಔಷಧಿ ಕೊಡುವ ನಾನೂ ಲವ್. ಹೆಚ್ಚಿನವರಿಗೆ ಅದು ಬರೀ ಅಕ್ಕರೆ. ಆದರೆ ಕೆಲವರು ಅದರ ಹಿಂದೆ ಅಡಗಿಕೊಂಡಿರುತ್ತಾರೆ. ಹತ್ತು ವರ್ಷ ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಒಂದು ದಿನ ಲವ್ ಎನ್ನಲು ಶುರು ಮಾಡಿದರೆ ನಾನು ಅವರ ಮಾತ್ರೆಯ ಚೀಟಿಯನ್ನು ಇನ್ನೊಂದು ಸಲ ನೋಡುತ್ತೇನೆ, ಮನೆಯವರು ಬಂದಾಗ ಮೆತ್ತಗೆ ಕೇಳುತ್ತೇನೆ. ಈ ವಿದ್ಯೆ ನನಗೆ ಗೊತ್ತಿತ್ತು. ಗೊತ್ತಿದ್ದದ್ದು ಇಂಗ್ಲಿಷಿನಲ್ಲಿ ಮಾತ್ರ.

ಕನ್ನಡದಲ್ಲಿ ಹೆಸರೇ ಇಲ್ಲದೆ ಒಂದು ಜನ್ಮ ಕಳೆದುಬಿಡಬಹುದು. ದೊಡ್ಡವರು ಅಕ್ಕ, ಅಣ್ಣ. ಚಿಕ್ಕವರು ಮಗಾ, ಪುಟ್ಟಿ. ಸರೀಕರು ಮಾರಾಯ್ತಿ. ಗಂಡನ ಹೆಸರನ್ನು ಮೊದಲಿಂದಲೂ ಹೇಳುವುದಿಲ್ಲ, ನಮ್ಮವರು, ಇವರು. ಗೆಳತಿಯ ಮಗ ಎಂದರೆ ನಿನ್ನ ಮಗ. ದೊಡ್ಡವರನ್ನು ಹೆಸರು ಹಿಡಿದು ಕರೆದರೆ ಅದೇ ಅಗೌರವ. ಇಷ್ಟು ಅಚ್ಚುಕಟ್ಟಾದ ಬೇಲಿಯೊಳಗೆ ಅಕ್ಕ ಓಡಾಡಿಕೊಂಡಿದ್ದಳು, ನಾವೆಲ್ಲ ಅದನ್ನು ಪ್ರೀತಿ ಎಂದುಕೊಂಡಿದ್ದೆವು. ಪ್ರೀತಿ ಅಲ್ಲ ಎಂದಲ್ಲ. ಮೊದಲು ಅವಳು ನನ್ನ ಹೆಸರಿನ ಅರ್ಧ ಕತ್ತರಿಸಿ, ಉಳಿದದ್ದನ್ನು ಎಳೆದು ಕರೆಯುತ್ತಿದ್ದಳು. ಬಾಣಂತನದ ಕೋಣೆಯಲ್ಲಿ ಇಪ್ಪತ್ತೆರಡು ದಿನ ಅದೇ ಕೂಗು. ಅದು ಯಾವಾಗ ನಿಂತಿತು ಎಂದು ಆ ಅಂಗಡಿಯ ಮುಂದೆ ನಿಂತು ನೆನಪಿಸಿಕೊಳ್ಳಲು ನೋಡಿದೆ. ನನಗೆ ನೆನಪಾಗಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎನ್ನುತ್ತಾರೆ, ನನ್ನಷ್ಟು ಕತ್ತಲೆ ಇನ್ನಾರ ಬುಡದಲ್ಲೂ ಇರಲಿಕ್ಕಿಲ್ಲ.

ಡಬ್ಬಿ ತಯಾರಾಗಲು ಇಪ್ಪತ್ತು ನಿಮಿಷ ಬೇಕಿತ್ತು. ಬೆಂಗಳೂರಿನವಳನ್ನು ಅಲ್ಲೇ ಕಾಯಲು ಹೇಳಿ ಅಕ್ಕನನ್ನು ಹೊರಗೆ ಕರೆದುಕೊಂಡು ಹೋದೆ. ಹಳೆಯ ಊರಿನ ಸುತ್ತ ಒಂದು ಕಾಲದಲ್ಲಿ ಕೋಟೆ ಗೋಡೆ ಇದ್ದ ಕಡೆ ಈಗ ಮರಗಳ ತೋಪಿದೆ. ಅಲ್ಲಿ ಒಂದು ಬೆಂಚಿನ ಮೇಲೆ ಕೂತೆವು. ಮೆಲ್ಲಗೆ ಕೇಳಬೇಕಿತ್ತು, ಅಂಗಡಿಯಲ್ಲಿ ಪರರನ್ನು ಹಾಗೆಯೇ ಕೇಳುತ್ತೇನೆ. ಸ್ವಂತದವಳನ್ನು ಹಾಗೆ ಕೇಳಲು ನನಗೆ ಆಗಲಿಲ್ಲ.

"ಅಕ್ಕಾ, ನನ್ನ ಹೆಸರೇನು?" ಎಂದೆ.

ಅವಳು ನನ್ನ ಮುಖ ನೋಡಿದಳು. ನಗಲಿಲ್ಲ.

"ಬೇಡ ಮಾರಾಯ್ತಿ" ಎಂದಳು.

 ಆಮೇಲೆ ಅವಳೇ ಶುರು ಮಾಡಿದಳು.

"ಬೇರೆ ಎಲ್ಲ ಉಂಟು. ನಿನ್ನ ಮನೆ ಗೊತ್ತುಂಟು, ನಿನ್ನ ಅಡುಗೆಮನೆಯಲ್ಲಿ ಜೀರಿಗೆ ಎಲ್ಲಿಡ್ತೀ ಗೊತ್ತುಂಟು, ನಿನಗೆ ಕೋಪ ಬಂದ್ರೆ ಮೂಗಿನ ಹತ್ರ ಹೇಗೆ ಆಗ್ತದೆ ಗೊತ್ತುಂಟು. ಹೆಸರು ಮಾತ್ರ ಬಾಗಿಲ ತನಕ ಬರ್ತದೆ, ಒಳಗೆ ಬರುವುದಿಲ್ಲ. ಒಮ್ಮೊಮ್ಮೆ ಬರ್ತದೆ. ನಿನ್ನೆ ಸ್ನಾನ ಮಾಡುವಾಗ ನಿನ್ನ ಹೆಸರು ಬಂತು. ಹೇಳಿಬಿಡುವ ಅಂತ ಟವೆಲ್ ಸುತ್ತಿಕೊಂಡು ಹೊರಗೆ ಬಂದೆ, ಅಷ್ಟರಲ್ಲಿ ಹೋಯ್ತು."

"ಎಷ್ಟು ದಿನ ಆತು ಹಿಂಗಾಗಿ?"

"ಎರಡು ವರ್ಷ ಆಗಿರಬೇಕು. ಕೆಲಸ ಬಿಟ್ಟದ್ದು ಅದಕ್ಕೇ."

ಅಕ್ಕ ಹಲ್ಲಿನ ಡಾಕ್ಟರರ ಬಳಿ ರಿಸೆಪ್ಷನಿಸ್ಟ್ ಆಗಿದ್ದಳು. ಕಾಯುವ ಕೋಣೆಯ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುವುದೇ ಅವಳ ಕೆಲಸ. ಸಾಕಾಯಿತು, ಇನ್ನು ಮನೆಯಲ್ಲಿ ಆರಾಮಾಗಿರುತ್ತೇನೆ ಎಂದು ಬಿಟ್ಟಾಗ ನಾನೇ ಕೇಕ್ ತಂದು ಕತ್ತರಿಸಿದ್ದೆ.

"ಅಲ್ಲಿ ಚೀಟಿ ನೋಡಿ ಓದಬಹುದಿತ್ತು. ಎದುರಿಗೆ ಬಂದವರನ್ನು ಕರೆಯಲಿಕ್ಕೆ ಆಗ್ತಿರಲಿಲ್ಲ" ಎಂದಳು. "ಮನೆಯಲ್ಲಿ, ನಿಮ್ಮ ಜೊತೆ, ಕಷ್ಟ ಇಲ್ಲ."

ಮಗಳು ಫೋನ್ ಮಾಡಿದ್ದನ್ನು, ಮೂರು ದಿನದಿಂದ ನಾನು ಪರೀಕ್ಷೆ ಮಾಡುತ್ತಿದ್ದುದನ್ನು, ನಿನ್ನೆ ಕಳಿಸಿದ ಮೆಸೇಜನ್ನು ಎಲ್ಲವನ್ನೂ ಹೇಳಿಬಿಟ್ಟೆ. ಅವಳಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ನನ್ನ ಕೈ ಹಿಡಿದುಕೊಂಡಳು.

"ಹಾಗಾದ್ರೆ ಒಳ್ಳೆಯದೇ ಆಯ್ತು. ಚೆನ್ನಾಗಿದ್ದೇನೆ ಅಂತ ಬರೆದಿದ್ದೀಯಲ್ಲ, ಹಾಗೇ ಇರಲಿ. ಅವಳಿಗೆ ಹೇಳಬೇಡ."

"ಯಾಕ?"

"ಬೇರೆ ಏನು ಬೇಕಾದ್ರೂ ಗೊತ್ತಾಗಲಿ. ಅಮ್ಮನಿಗೆ ನನ್ನ ಹೆಸರು ಬರುವುದಿಲ್ಲ ಅಂತ ಅವಳಿಗೆ ಗೊತ್ತಾಗುವುದು ಬೇಡ."

ಇಲ್ಲಿ ನನಗೆ ಅಳು ಬಂತು, ಅಳು ಬಂದದ್ದಕ್ಕೆ ಸಿಟ್ಟೂ ಬಂತು. ಅತ್ತರೆ ಬೈಯುತ್ತಿದ್ದವಳು ಈಗ ಬೈಯಲಿಲ್ಲ. ಆ ಹುಡುಗಿ ನನ್ನ ಮಾತು ನಂಬಿ ನಿನ್ನೆ ನಿದ್ದೆ ಮಾಡಿದ್ದಾಳೆ, ಆ ನಿದ್ದೆ ನಾನು ಕೊಟ್ಟ ತಪ್ಪು ಮಾತ್ರೆ ಎಂದೆ. ಥೈರಾಯ್ಡ್ ಇರಬಹುದು, ವಿಟಮಿನ್ ಬಿ ಟ್ವೆಲ್ವ್ ಕಡಿಮೆಯಾಗಿರಬಹುದು, ಅದಾದರೆ ಸರಿಮಾಡುವ ಔಷಧ ಇದೆ, ರಕ್ತ ಪರೀಕ್ಷೆ ಮಾಡಿಸದೆ ಹೇಗೆ ಗೊತ್ತಾಗುತ್ತದೆ ಎಂದೆ. ಅದಲ್ಲದಿದ್ದರೆ, ಎಂದಳು ಅವಳು. ಅದಲ್ಲದಿದ್ದರೂ ಬೇಗ ಗೊತ್ತಾಗುವುದು ಒಳ್ಳೆಯದು ಎಂದೆ. ಈ ಮಾತನ್ನು ಕೌಂಟರಿನಲ್ಲಿ ಎಷ್ಟೋ ಮಂದಿಗೆ ಹೇಳಿದ್ದೇನೆ. ಅದು ಕೇಳುವವರ ಕಿವಿಗೆ ಎಷ್ಟು ಒಣ ಮಾತು ಎಂದು ಆ ಬೆಂಚಿನ ಮೇಲೆ ಗೊತ್ತಾಯಿತು.

"ನಾ ಹೇಳಾಕಿನ, ಅಕ್ಕಾ. ನೀ ಬ್ಯಾಡ ಅಂದ್ರೂ ಹೇಳಾಕಿನ. ಆಮ್ಯಾಲ ನನ್ನ ಜೋಡಿ ಮಾತು ಬಿಡು ಬೇಕಾದ್ರ."

 ಒಬ್ಬಾತ ನಾಯಿಯನ್ನು ನಡೆಸಿಕೊಂಡು ನಮ್ಮ ಮುಂದೆ ಹಾದುಹೋದ, ನಾಯಿ ಅಕ್ಕನ ಚೀಲ ಮೂಸಿತು, ಅವಳು ಅದರ ತಲೆ ಸವರಿದಳು.

"ಸರಿ" ಎಂದಳು. "ಹೇಳುವುದಾದ್ರೆ ನೀನೇ ಹೇಳು. ಅವಳು ಏರ್‌ಪೋರ್ಟಿಗೆ ಬರ್ತಾಳೆ. ನಾನು ಎದುರಿಗಿರುವಾಗ ಬೇಡ."

ವಿಮಾನದಲ್ಲಿ ಅಕ್ಕ ಕಿಟಕಿಯ ಬಳಿ ಕೂತು ಡಬ್ಬಿಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಬೆಂಗಳೂರಿನವಳಿಗೆ ನಮ್ಮ ಮುಖ ನೋಡಿ ಏನೋ ಆಗಿದೆ ಎಂದು ತಿಳಿಯಿತು. ಅಕ್ಕನ ಅನುಮತಿ ಕೇಳಿ ಅವಳಿಗೂ ಹೇಳಿದೆ. ಅವಳು ತನ್ನ ಡಬ್ಬಿಯನ್ನು ತೆಗೆದು ಮುಚ್ಚಳ ನೋಡಿದಳು, ಮತ್ತೆ ಒಳಗಿಟ್ಟಳು. ಆಮೇಲೆ ಫೋನಿನಲ್ಲಿ ಏನೋ ಟೈಪು ಮಾಡತೊಡಗಿದಳು. ಇಣುಕಿ ನೋಡಿದರೆ, ಜಿಪಿಯನ್ನು ಕೇಳಬೇಕಾದ ಪ್ರಶ್ನೆಗಳ ಪಟ್ಟಿ. ಅವಳಿಗೆ ದುಃಖವಾದರೂ ಪಟ್ಟಿಯೇ.

ಮ್ಯಾಂಚೆಸ್ಟರಿನಲ್ಲಿ ಇಳಿದಾಗ ಇನ್ನೂ ಬಿಸಿಲಿತ್ತು. ಹೊರಗೆ ಬರುವ ಬಾಗಿಲಿಗೆ ಮುಂಚೆಯೇ ಅಕ್ಕ, ಟಾಯ್ಲೆಟ್ಟಿಗೆ ಹೋಗಿ ಬರ್ತೇನೆ ಎಂದಳು. ನನ್ನ ಕಡೆ ನೋಡಲಿಲ್ಲ. ಬೆಂಗಳೂರಿನವಳು ಅವಳ ಜೊತೆ ಹೋದಳು. ನಾನೊಬ್ಬಳೇ ಹೊರಗೆ ಬಂದೆ.

ಮಗಳು ಕಾಫಿ ಅಂಗಡಿಯ ಪಕ್ಕ ನಿಂತಿದ್ದಳು. ನನ್ನನ್ನು ಕಂಡು ಓಡಿ ಬಂದು ತಬ್ಬಿಕೊಂಡಳು, ಮತ್ತೊಮ್ಮೆ ಥ್ಯಾಂಕ್ಯೂ ಎಂದಳು. ಅಮ್ಮ ಎಲ್ಲಿ ಎಂದು ನನ್ನ ಹೆಗಲಿನಾಚೆ ನೋಡಿದಳು.

ನಿನ್ನೆ ನಾನು ಬರೆದದ್ದು ತಪ್ಪು ಎಂದೆ. ನೀನು ಹೇಳಿದ್ದೇ ಸರಿ, ನಾಳೆ ಬೆಳಿಗ್ಗೆಯೇ ಜಿಪಿಗೆ ಫೋನ್ ಮಾಡು, ನಾನೂ ಬರುತ್ತೇನೆ ಎಂದೆ. ನಾನು ನೋಡಬೇಕಾದ್ದನ್ನು ನೋಡಲಿಲ್ಲ, ಅದಕ್ಕೆ ಕ್ಷಮಿಸು ಎಂದೂ ಹೇಳಿದೆ. ಅವಳ ಮುಖದ ಬಣ್ಣ ಇಳಿಯಿತು. ಏನು ಮರೆಯುತ್ತಾಳೆ ಎಂದು ಕೇಳಿದಳು. ಹೆಸರುಗಳು ಎಂದೆ.

 ಅವಳು ಇಂಗ್ಲಿಷಿನಲ್ಲಿ, ಬಹಳ ಸಣ್ಣ ದನಿಯಲ್ಲಿ ಕೇಳಿದಳು, ನನ್ನದೂ?

ಸುಳ್ಳು ಹೇಳಬಹುದಿತ್ತು. ಅಕ್ಕ ಬೇಡಿಕೊಂಡದ್ದು ಇದೊಂದನ್ನೇ. ಆದರೆ ಆ ಹುಡುಗಿಗೆ ನಾನು ಆಗಲೇ ಒಂದು ಸಲ ನೆಮ್ಮದಿಯ ಸುಳ್ಳು ಹೇಳಿಯಾಗಿತ್ತು. ಒಮ್ಮೊಮ್ಮೆ ಬರುತ್ತದೆ, ಇವತ್ತು ಬೆಳಿಗ್ಗೆ ಬರಲಿಲ್ಲ ಎಂದೆ.

ಅಷ್ಟರಲ್ಲಿ ಅಕ್ಕ ಬಾಗಿಲು ದಾಟಿ ಬಂದಳು. ನಮ್ಮಿಬ್ಬರ ಮುಖ ನೋಡಿದ್ದೇ ತಡ, ಹತ್ತು ಹೆಜ್ಜೆ ದೂರದಲ್ಲಿ ಸೂಟ್‌ಕೇಸಿನ ಹಿಡಿ ಹಿಡಿದುಕೊಂಡು ನಿಂತುಬಿಟ್ಟಳು. ಹಿಂದೆ ಬರುತ್ತಿದ್ದವರು ಅವಳನ್ನು ಬಳಸಿಕೊಂಡು ಹೋದರು. ಮುಂದೆ ಬರಲೋ ಬೇಡವೋ ಎಂದು ತಿಳಿಯದವಳ ಹಾಗೆ ಇದ್ದಳು. ಅವಳು ಅಷ್ಟು ಹೆದರಿದ್ದನ್ನು ನಾನು ಎಂದೂ ನೋಡಿರಲಿಲ್ಲ.

ಮಗಳು ಕಣ್ಣೊರೆಸಿಕೊಂಡು ಹೋದಳು. ತಬ್ಬಿಕೊಳ್ಳಲಿಲ್ಲ. ಅಮ್ಮನ ಮುಂದೆ ನಿಂತು, "ಅಮ್ಮಾ, ನಾನು" ಎಂದು ತನ್ನ ಹೆಸರನ್ನು ಹೇಳಿದಳು. ಪೂರ್ತಿ ಹೆಸರು, ಒಂದೊಂದು ಅಕ್ಷರವನ್ನೂ ಬಿಡಿಸಿ.

ಅಕ್ಕ ಆ ಹೆಸರನ್ನು ಒಂದು ಸಲ ಬಾಯಲ್ಲಿ ಹೇಳಿದಳು. ಇನ್ನೊಂದು ಸಲ ಹೇಳಿದಳು. ಆಮೇಲೆ ಸೂಟ್‌ಕೇಸ್ ಬಿಟ್ಟು ಮಗಳ ಕೆನ್ನೆ ಹಿಡಿದುಕೊಂಡಳು.

"ನಿನ್ನ ಅಪ್ಪನಿಗೆ, ಅಜ್ಜಿಗೆ, ಎಲ್ಲರಿಗೂ ಬೇರೆ ಹೆಸರು ಬೇಕಿತ್ತು" ಎಂದಳು. "ಇದೇ ಬೇಕು ಅಂತ ಹಟ ಹಿಡಿದದ್ದು ನಾನು."